ಕ್ಲಚ್ ಒತ್ತದೆ ಗೇರ್ ಹಾಕೋದು: ಗೇರ್ ಬಾಕ್ಸ್ ಒಳಗೆ ನಿಜವಾಗ್ಲೂ ಏನಾಗುತ್ತೆ

ಡ್ರೈವಿಂಗ್ ಕಲಿಸೋರು ಮೊದಲನೇ ದಿನಾನೇ ಹೇಳೋ ಮಾತು, ಕ್ಲಚ್ ಪೂರ್ತಿ ಒತ್ತು, ಆಮೇಲೆ ಗೇರ್ ಹಾಕು ಅಂತ. ಅದು ಸರೀನೇ, ದಿನಾ ಗಾಡಿ ಓಡಿಸೋಕೆ ಅದೇ ಅಭ್ಯಾಸ ಬೇಕು. ಆದ್ರೆ ಅದನ್ನ ಬಾಯಿಪಾಠದ ಥರ ಕಲಿತುಬಿಟ್ಟಿರೋದ್ರಿಂದ ಬಹಳ ಜನಕ್ಕೆ ಗೇರ್ ಬದಲಾಯಿಸೋದೇ ಕ್ಲಚ್ಚು ಅನ್ನೋ ನಂಬಿಕೆ ಉಳಿದುಹೋಗಿದೆ. ಗೇರ್ ಬದಲಾಯಿಸೋದು ಕ್ಲಚ್ ಅಲ್ಲ. ಗೇರ್ ಬಿಡಬೇಕಾದ್ರೆ ಅದರ ಮೇಲೆ ಎಂಜಿನ್ನಿನ ಒತ್ತಡ ಇರಬಾರ್ದು, ಮುಂದಿನ ಗೇರ್ ಬೀಳಬೇಕಾದ್ರೆ ಎಂಜಿನ್ ಕಡೆಯ ಸ್ಪೀಡೂ ಚಕ್ರದ ಕಡೆಯ ಸ್ಪೀಡೂ ಹೊಂದಬೇಕು, ಇಷ್ಟೇ ಗೇರ್ ಬಾಕ್ಸಿಗೆ ಬೇಕಾಗಿರೋದು. ಇವೆರಡನ್ನೂ ನಾವು ತಲೆ ಕೆಡಿಸಿಕೊಳ್ಳದೆ ಎಂಜಿನ್ನನ್ನ ಗೇರ್ ಬಾಕ್ಸಿಂದ ಸ್ವಲ್ಪ ಹೊತ್ತು ಬಿಡಿಸಿ ಸುಲಭವಾಗಿ ಆಗೋ ಹಂಗೆ ಮಾಡಿಕೊಡೋದು ಕ್ಲಚ್ಚು. ಅಂದ್ರೆ ಆ ಎರಡನ್ನ ಬೇರೆ ರೀತೀಲಿ ಮಾಡೋಕೆ ಬಂದ್ರೆ ಕ್ಲಚ್ ಪೆಡಲ್ ಮುಟ್ಟದೆನೂ ಗೇರ್ ಬೀಳುತ್ತೆ.

ಇದನ್ನ ಯಾಕೆ ತಿಳ್ಕೋಬೇಕು ಅಂದ್ರೆ, ಹಳೇ ಮಾರುತಿ 800, ಓಮ್ನಿ, ಆಲ್ಟೊ ಥರದ ಗಾಡಿಗಳಲ್ಲಿ ಕ್ಲಚ್ ಕೆಲಸ ಮಾಡೋದು ಒಂದು ಕೇಬಲ್ ಮೇಲೆ, ನಮ್ಮ ಕಡೆ ಕ್ಲಚ್ ವೈರು ಅಂತೀವಲ್ಲ ಅದು. ಅದು ಒಂದೊಂದೇ ಎಳೆ ಬಿಡ್ತಾ ಬಿಡ್ತಾ ಒಂದಿನ ಪಟ್ ಅಂತ ಕಟ್ ಆಗುತ್ತೆ, ಪೆಡಲ್ ಜೀವ ಇಲ್ಲದ ಹಂಗೆ ನೆಲಕ್ಕೆ ಬೀಳುತ್ತೆ. ಎಂಜಿನ್ ಚೆನ್ನಾಗಿದೆ, ಗೇರ್ ಬಾಕ್ಸ್ ಚೆನ್ನಾಗಿದೆ, ಚಕ್ರಕ್ಕೆ ಪವರ್ ಹೋಗ್ತಾನೇ ಇದೆ, ಬಿಡಿಸೋಕೆ ಮಾತ್ರ ಆಗ್ತಿಲ್ಲ. ಚಾರ್ಮಾಡಿನಲ್ಲೋ ಶಿರಾಡಿನಲ್ಲೋ ಮಳೆಗಾಲದ ಸಂಜೆ ಹಿಂಗಾದ್ರೆ, ನೆಟ್‌ವರ್ಕ್ ಸಿಗದ ಜಾಗದಲ್ಲಿ ಟೋಯಿಂಗ್ ಗಾಡಿಗೆ ಕಾಯೋದಕ್ಕಿಂತ ಮೆಲ್ಲಗೆ ಮುಂದಿನ ಊರು ಸೇರೋಕೆ ಬರೋದು ದೊಡ್ಡ ವಿಷಯ.

ಮೊದಲು ಗೇರ್ ಬಾಕ್ಸ್ ಒಳಗೆ ಏನಿದೆ ನೋಡೋಣ, ಯಾಕಂದ್ರೆ ಇಲ್ಲಿ ಎಲ್ಲರೂ ಮನಸ್ಸಲ್ಲಿ ಇಟ್ಕೊಂಡಿರೋ ಚಿತ್ರಾನೇ ಬೇರೆ. ಗೇರ್ ಹಾಕಿದಾಗ ಹಲ್ಲಿನ ಚಕ್ರಗಳು ಜರುಗಿ ಬಂದು ಒಂದಕ್ಕೊಂದು ಕಚ್ಕೊಳ್ತವೆ ಅಂತ ಅನ್ಕೊಂಡಿರ್ತೀವಿ. ಇವತ್ತಿನ ಕಾರುಗಳಲ್ಲಿ ಹಂಗಾಗಲ್ಲ, ಮುಂದಕ್ಕೆ ಹೋಗೋ ಎಲ್ಲಾ ಗೇರುಗಳೂ ಯಾವಾಗಲೂ ತಮ್ಮ ತಮ್ಮ ಜೋಡಿ ಜೊತೆ ಕಚ್ಕೊಂಡೇ ತಿರುಗ್ತಾ ಇರ್ತವೆ. ಮುಂದಿನ ಚಕ್ರಕ್ಕೆ ಪವರ್ ಹೋಗೋ ಸಣ್ಣ ಕಾರು ತಗೊಳ್ಳಿ, ಒಳಗೆ ಮುಖ್ಯವಾಗಿ ಎರಡು ಶಾಫ್ಟ್. ಒಂದು ಕ್ಲಚ್ ಪ್ಲೇಟಿಗೆ ಸೇರಿರೋ ಇನ್‌ಪುಟ್ ಶಾಫ್ಟು, ಇನ್ನೊಂದು ಡಿಫರೆನ್ಷಿಯಲ್ (ಎರಡೂ ಕಡೆಯ ಚಕ್ರಕ್ಕೆ ಪವರ್ ಹಂಚೋ ಗೇರುಗಳ ಗುಂಪು) ಮೂಲಕ ಚಕ್ರಕ್ಕೆ ಸೇರಿರೋ ಔಟ್‌ಪುಟ್ ಶಾಫ್ಟು. ಪ್ರತಿ ಜೋಡಿಯಲ್ಲಿ ಒಂದು ಗೇರು ತನ್ನ ಶಾಫ್ಟಿಗೆ ಗಟ್ಟಿಯಾಗಿ ಸೇರಿರುತ್ತೆ, ಇನ್ನೊಂದು ತನ್ನ ಶಾಫ್ಟಿನ ಮೇಲೆ ಬೇರಿಂಗಿನಲ್ಲಿ ಸುಮ್ಮನೆ ತಿರುಗ್ತಾ ಇರುತ್ತೆ, ಹಿಡಿತ ಇಲ್ಲದೆ. ಆ ಸಡಿಲ ಗೇರನ್ನ ಶಾಫ್ಟಿಗೆ ಲಾಕ್ ಮಾಡೋದೇ ಗೇರ್ ಹಾಕೋದು ಅಂದ್ರೆ.

ಲಾಕ್ ಮಾಡೋದು ಶಾಫ್ಟಿನ ಜೊತೆಗೇ ತಿರುಗೋ ಸ್ಲೀವ್ ಅನ್ನೋ ಒಂದು ಬಳೆ. ಅದರ ಒಳಗಡೆ ಸುತ್ತ ಹಲ್ಲಿರ್ತವೆ, ಗೇರಿನ ಪಕ್ಕದಲ್ಲೂ ಅದಕ್ಕೆ ಹೊಂದೋ ಸಣ್ಣ ಸಣ್ಣ ಹಲ್ಲಿನ ಸಾಲು ಇರುತ್ತೆ, ಅದಕ್ಕೆ ಡಾಗ್ ಹಲ್ಲು ಅಂತಾರೆ. ನೀವು ಗೇರ್ ಲಿವರ್ ತಳ್ಳಿದ್ರೆ ಅದಕ್ಕೆ ಸೇರಿರೋ ಫೋರ್ಕು ಅನ್ನೋ ಕವಲು ಆ ಸ್ಲೀವನ್ನ ಕೆಲವೇ ಮಿಲಿಮೀಟರ್ ಪಕ್ಕಕ್ಕೆ ಜರುಗಿಸುತ್ತೆ, ಅದು ಹೋಗಿ ಡಾಗ್ ಹಲ್ಲಿನ ಮೇಲೆ ಕೂತ್ಕೊಳ್ಳುತ್ತೆ, ಗೇರ್ ಬಿತ್ತು. ಕೈಯಲ್ಲಿ ಬಿಚ್ಚಿಟ್ಟ ಗೇರ್ ಬಾಕ್ಸನ್ನ ಯಾವತ್ತಾದ್ರೂ ಗ್ಯಾರೇಜಲ್ಲಿ ನೋಡೋ ಅವಕಾಶ ಸಿಕ್ಕಿದ್ರೆ ಆ ಡಾಗ್ ಹಲ್ಲುಗಳನ್ನ ಹತ್ತಿರದಿಂದ ನೋಡಿ. ತುದಿ ಚೂಪಾಗಿ ಮನೆ ಮಾಡಿನ ಆಕಾರದಲ್ಲಿರುತ್ತೆ, ಸ್ಲೀವಿನ ಹಲ್ಲು ಸುಲಭವಾಗಿ ದಾರಿ ಮಾಡ್ಕೊಂಡು ಒಳಗೆ ಬರಲಿ ಅಂತ. ಇನ್ನೂ ಸ್ವಲ್ಪ ಗಮನ ಕೊಟ್ಟು ನೋಡಿದ್ರೆ ಹಲ್ಲಿನ ಪಕ್ಕದ ಮೈ ನೇರವಾಗಿಲ್ಲ, ತುದಿ ಕಡೆ ಅಗಲ, ಬುಡದ ಕಡೆ ಒಂಚೂರು ಕಿರಿದು. ಇದು ಬೇಕು ಅಂತಾನೇ ಮಾಡಿರೋದು. ಎಂಜಿನ್ ಎಳೀತಾ ಇದ್ದಾಗ ಈ ಓರೆಯಿಂದಾಗಿ ಸ್ಲೀವು ಇನ್ನೂ ಒಳಕ್ಕೆ ಎಳೆಸಿಕೊಳ್ಳುತ್ತೆ, ಗೇರ್ ತಾನಾಗಿ ಹಾರಿ ಹೊರಗೆ ಬರಲ್ಲ. ಹಳೇ ಗಾಡಿಗಳಲ್ಲಿ ಈ ಓರೆ ಸವೆದು ಹೋದಾಗ್ಲೇ ಗೇರ್ ಹಾರೋ ಕಾಯಿಲೆ ಶುರುವಾಗೋದು.

ಈಗ ಮೊದಲನೇ ಶರತ್ತು ಅರ್ಥ ಆಗುತ್ತೆ. ಆಕ್ಸಿಲರೇಟರ್ ಒತ್ತಿರೋವಾಗ ಕ್ಲಚ್ ಇಲ್ಲದೆ ಲಿವರ್ ಎಳೆದ್ರೆ ಅದು ಜಪ್ಪಯ್ಯ ಅಂದ್ರೂ ಬರಲ್ಲ, ಯಾಕಂದ್ರೆ ಎಂಜಿನ್ನಿನ ಪೂರ್ತಿ ಬಲ ಆ ಹಲ್ಲುಗಳನ್ನ ಒಂದಕ್ಕೊಂದು ಅದುಮಿ ಹಿಡಿದಿದೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟುಬಿಟ್ರೂ ಬರಲ್ಲ, ಈಗ ಚಕ್ರ ಎಂಜಿನ್ನನ್ನ ತಿರುಗಿಸ್ತಾ ಇದೆ, ಒತ್ತಡ ಹಲ್ಲಿನ ಆ ಕಡೆಯಿಂದ ಈ ಕಡೆಗೆ ಬದಲಾಗಿದೆ ಅಷ್ಟೇ. ಆದ್ರೆ ಇವೆರಡರ ಮಧ್ಯೆ ಒಂದು ಕ್ಷಣ ಇದೆ, ಎಂಜಿನ್ ಗಾಡಿನ ಎಳೀತಾನೂ ಇಲ್ಲ, ಗಾಡಿ ಎಂಜಿನ್ನನ್ನ ಎಳೀತಾನೂ ಇಲ್ಲ. ಆ ಕ್ಷಣದಲ್ಲಿ ಹಲ್ಲಿನ ಮೇಲೆ ಏನೂ ಭಾರ ಇರಲ್ಲ, ಎರಡು ಬೆರಳಲ್ಲಿ ಲಿವರ್ ಎಳೆದ್ರೂ ಸಲೀಸಾಗಿ ನ್ಯೂಟ್ರಲ್‌ಗೆ ಬಂದುಬಿಡುತ್ತೆ. ಕ್ಲಚ್ ಒತ್ತಿದಾಗ ಆಗೋದೂ ಇದೇನೇ, ಎಂಜಿನ್ನನ್ನ ಕಡಿದು ಹಾಕಿ ಆ ಭಾರ ಇಲ್ಲದ ಸ್ಥಿತಿನ ಯಾವಾಗ ಬೇಕಾದ್ರೆ ಆವಾಗ ತಂದುಕೊಡುತ್ತೆ. ಕ್ಲಚ್ ಇಲ್ಲದೆ ಮಾಡೋವಾಗ ಅದನ್ನ ಬಲಗಾಲಿನಲ್ಲಿ ಹುಡುಕಬೇಕು.

ಎರಡನೇ ಶರತ್ತು ಸ್ಪೀಡು. ಇದಕ್ಕೆ ಒಂದು ಲೆಕ್ಕ ಹಾಕೋಣ, ಲೆಕ್ಕ ಇಲ್ಲದೆ ಇದು ಬರೀ ಮಂತ್ರದ ಥರ ಕೇಳಿಸುತ್ತೆ. ಒಂದು ಸಣ್ಣ ಪೆಟ್ರೋಲ್ ಕಾರಿನ ಗೇರ್ ಅನುಪಾತ (ಔಟ್‌ಪುಟ್ ಶಾಫ್ಟ್ ಒಂದು ಸುತ್ತು ತಿರುಗೋಕೆ ಎಂಜಿನ್ ಎಷ್ಟು ಸುತ್ತು ತಿರುಗಬೇಕು ಅನ್ನೋದು) ಸುಮಾರಾಗಿ ಹಿಂಗಿದೆ ಅಂತ ಇಟ್ಕೊಳ್ಳಿ, ಫಸ್ಟ್ 3.5, ಸೆಕೆಂಡ್ 1.9, ಥರ್ಡ್ 1.3, ಫೋರ್ತ್ 0.95, ಔಟ್‌ಪುಟ್ ಶಾಫ್ಟಿಂದ ಚಕ್ರಕ್ಕೆ ಹೋಗೋ ಕೊನೆಯ ಡ್ರೈವಿನ ಅನುಪಾತ 4.2, ಟಯರ್ ಒಂದು ಸುತ್ತಿಗೆ 1.88 ಮೀಟರ್ ಹೋಗುತ್ತೆ. ಗಾಡಿ ಗಂಟೆಗೆ 40 ಕಿಮೀ ಹೋಗ್ತಾ ಇದ್ರೆ ಚಕ್ರ ನಿಮಿಷಕ್ಕೆ ಸುಮಾರು 355 ಸುತ್ತು ತಿರುಗುತ್ತೆ. ಅದನ್ನ 4.2 ರಿಂದ ಗುಣಿಸಿ, ಆಮೇಲೆ ಗೇರಿನ ಅನುಪಾತದಿಂದ ಗುಣಿಸಿದ್ರೆ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ, ಅಂದ್ರೆ ನಿಮಿಷಕ್ಕೆ ಎಷ್ಟು ಸುತ್ತಿನಲ್ಲಿ ಇರಬೇಕು ಅನ್ನೋದು ಬರುತ್ತೆ. ಸೆಕೆಂಡಲ್ಲಿ 2800 ಚಿಲ್ಲರೆ, ಥರ್ಡಲ್ಲಿ 1900 ಚಿಲ್ಲರೆ, ಫೋರ್ತಲ್ಲಿ 1400. ಅಂದ್ರೆ 40ರಲ್ಲಿ ಸೆಕೆಂಡಿಂದ ಥರ್ಡಿಗೆ ಹೋಗಬೇಕಾದ್ರೆ ಎಂಜಿನ್ 2800ರಿಂದ 1900ಕ್ಕೆ ಇಳೀಬೇಕು. ಥರ್ಡಿಂದ ಸೆಕೆಂಡಿಗೆ ಬರಬೇಕಾದ್ರೆ 1900ರಿಂದ 2800ಕ್ಕೆ ಏರಬೇಕು. ಗಾಡಿ ಸ್ಪೀಡು ಬದಲಾಗಿಲ್ಲ ಅನ್ನೋದು ಗಮನಿಸಿ, ಬದಲಾಗಬೇಕಾಗಿರೋದು ಎಂಜಿನ್ ಮಾತ್ರ.

ಓಡ್ತಾ ಇರೋ ಬಸ್ಸಿಗೆ ಹತ್ತೋನು ಒಂದಷ್ಟು ದೂರ ಬಸ್ಸಿನ ಜೊತೆಗೇ ಓಡಿ, ಅದರ ಸ್ಪೀಡಿಗೆ ಬಂದ ಮೇಲೇ ಕಂಬಿ ಹಿಡಿಯೋದು, ನಿಂತಲ್ಲಿಂದಾನೇ ಕೈ ಹಾಕಿದ್ರೆ ಕೈ ಕಿತ್ತುಬರುತ್ತೆ. ಸ್ಲೀವಿನ ಹಲ್ಲಿಗೂ ಡಾಗ್ ಹಲ್ಲಿಗೂ ಇದೇ ನಿಯಮ. ಎರಡೂ ಹೆಚ್ಚುಕಮ್ಮಿ ಒಂದೇ ಸ್ಪೀಡಲ್ಲಿ ತಿರುಗ್ತಾ ಇದ್ರೆ ಸುಮ್ಮನೆ ಒಳಗೆ ಹೋಗ್ತವೆ, ಇಲ್ಲ ಅಂದ್ರೆ ಕರ್ರ್ರ್ ಅಂತ ಶಬ್ದ ಬರುತ್ತೆ, ಆ ಶಬ್ದ ಅಂದ್ರೆ ಆ ಚೂಪಾದ ತುದಿಗಳು ಒಂದರ ಮೇಲೊಂದು ಜಾರ್ತಾ ಸವೀತಾ ಇರೋದು.

ಹಂಗಾದ್ರೆ ದಿನಾ ನಾವು ಆರ್‌ಪಿಎಂ ಲೆಕ್ಕ ಹಾಕದೇನೇ ಗೇರ್ ಹೇಗೆ ಸಲೀಸಾಗಿ ಬೀಳುತ್ತೆ? ಅದಕ್ಕೆ ಕಾರಣ ಸಿಂಕ್ರೋಮೆಶ್. ಸ್ಲೀವಿಗೂ ಗೇರಿಗೂ ಮಧ್ಯೆ ಒಂದು ಹಿತ್ತಾಳೆ ಥರದ ಲೋಹದ ರಿಂಗ್ ಕೂತಿರುತ್ತೆ, ಅದರ ಒಳಮೈ ಶಂಕುವಿನ ಆಕಾರ, ಗೇರಿನ ಮೇಲೂ ಅದಕ್ಕೆ ಹೊಂದೋ ಶಂಕು ಇದೆ. ಲಿವರ್ ತಳ್ಳಿದ ತಕ್ಷಣ ಮೊದಲು ಈ ರಿಂಗು ಗೇರಿನ ಶಂಕುವಿಗೆ ಉಜ್ಜಿಕೊಂಡು ಬ್ರೇಕಿನ ಥರ ಕೆಲಸ ಮಾಡಿ ಅದರ ಸ್ಪೀಡನ್ನ ಸರಿಮಾಡುತ್ತೆ, ಸರಿಹೋಗೋ ತನಕ ರಿಂಗಿನ ಮೇಲಿರೋ ಹಲ್ಲುಗಳು ಸ್ಲೀವನ್ನ ಮುಂದೆ ಹೋಗೋಕೆ ಬಿಡಲ್ಲ, ಅಡ್ಡ ನಿಲ್ತವೆ. ಸ್ಪೀಡ್ ಹೊಂದಿದ ಕ್ಷಣ ಅಡ್ಡ ಬಿಡ್ತವೆ, ಗೇರ್ ಬೀಳುತ್ತೆ. ಲಿವರ್ ತಳ್ಳಿದಾಗ ಮಧ್ಯದಲ್ಲಿ ಒಂದು ಸಣ್ಣ ತಡೆ ಬಂದು ಆಮೇಲೆ ಒಳಗೆ ಹೋದ ಹಂಗೆ ಕೈಗೆ ಗೊತ್ತಾಗುತ್ತಲ್ಲ, ಆ ತಡೆನೇ ಸಿಂಕ್ರೋ ಕೆಲಸ ಮಾಡ್ತಿರೋದು.

ಇದನ್ನ ಮೊದಲು ಕಾರಲ್ಲಿ ತಂದಿದ್ದು ಅಮೆರಿಕದ ಕ್ಯಾಡಿಲಾಕ್, 1928ರಲ್ಲಿ, ಅದರ ಹಿಂದಿದ್ದೋರು ಅರ್ಲ್ ಥಾಂಪ್ಸನ್ ಅನ್ನೋ ಎಂಜಿನಿಯರ್. ಅದಕ್ಕೂ ಮುಂಚೆ ಕಾರು ಓಡಿಸೋರೆಲ್ಲ ಸ್ಪೀಡ್ ಹೊಂದಿಸೋ ಕೆಲಸಾನ ಕೈಕಾಲಲ್ಲೇ ಮಾಡ್ತಿದ್ರು. ನಮ್ಮಲ್ಲಿ ಅದರ ಬಾಲ ಬಹಳ ವರ್ಷ ಉಳೀತು, ಹಳೇ ನಾಲ್ಕು ಗೇರಿನ ಅಂಬಾಸಿಡರಲ್ಲಿ ಫಸ್ಟ್ ಗೇರಿಗೆ ಸಿಂಕ್ರೋ ಇರಲಿಲ್ಲ, ಮೂರು ಗೇರಿನ ಹಳೇ ಜೀಪಲ್ಲೂ ಅಷ್ಟೇ. ಗಾಡಿ ಪೂರ್ತಿ ನಿಲ್ಲೋ ಮುಂಚೆ ಫಸ್ಟಿಗೆ ಹಾಕೋಕೆ ಹೋಗಬೇಡ ಅಂತ ಆ ಗಾಡಿ ಓಡಿಸಿದ ದೊಡ್ಡವರು ಇವತ್ತಿಗೂ ಹೇಳೋದು ಅದಕ್ಕೇ.

ಹಳೇ ಲಾರಿ ಬಸ್ಸುಗಳಲ್ಲಂತೂ ಸಿಂಕ್ರೋನೇ ಇಲ್ಲದ ಗೇರ್ ಬಾಕ್ಸ್ ಇರ್ತಿತ್ತು, ಅವನ್ನ ಓಡಿಸೋಕೆ ಡಬಲ್ ಕ್ಲಚ್ ಬರಲೇಬೇಕು. ಹಂಗೆ ಓಡಿಸೋ ಹಳೇ ಡ್ರೈವರ್ ಒಬ್ಬರ ಪಕ್ಕ ಕೂತು ನೋಡಿದ್ರೆ ಇಡೀ ವಿಷಯ ಕಣ್ಣೆದುರಿಗೆ ಬರುತ್ತೆ. ಏರಲ್ಲಿ ಎಂಜಿನ್ ಉಸಿರು ಕಟ್ಟೋಕೆ ಶುರುವಾದ ಕೂಡ್ಲೇ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಎಳೀತಾರೆ, ಕ್ಲಚ್ ಬಿಡ್ತಾರೆ, ಒಂದು ರೇಸ್ ಕೊಡ್ತಾರೆ, ಎಂಜಿನ್ ಗುಂಯ್ ಅಂತ ಏರುತ್ತೆ, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕ್ತಾರೆ. ಕಣ್ಣು ರಸ್ತೆ ಮೇಲೆ, ಕೈ ಲಿವರಿನ ಮೇಲೆ ಹಗುರವಾಗಿ, ಕಿವಿ ಪೂರ್ತಿ ಎಂಜಿನ್ ಶಬ್ದದ ಮೇಲೆ. ಮಧ್ಯದಲ್ಲಿ ನ್ಯೂಟ್ರಲ್ಲಿನಲ್ಲಿ ಕ್ಲಚ್ ಬಿಡೋದು ಯಾಕೆ ಅಂದ್ರೆ ಆ ರೇಸು ಕ್ಲಚ್ ಪ್ಲೇಟ್ ಮೂಲಕ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿಗೂ ತಲುಪಿ ಅದರ ಸ್ಪೀಡೂ ಏರಲಿ ಅಂತ. ಇದರಿಂದ ಒಂದೇ ಒಂದು ಹೆಜ್ಜೆ ಮುಂದೆ ಹೋದ್ರೆ ಕ್ಲಚ್ ಒತ್ತದೆ ಗೇರ್ ಹಾಕೋದು, ಎರಡು ಸಲ ಒತ್ತೋ ಕ್ಲಚ್ಚನ್ನೂ ತೆಗೆದುಹಾಕಿದ್ರೆ ಉಳಿಯೋದು ಅದೇ. ಅಮೆರಿಕದಲ್ಲಿ ಈಟನ್ ಫುಲ್ಲರ್ ಗೇರ್ ಬಾಕ್ಸಿನ ದೊಡ್ಡ ಟ್ರಕ್‌ಗಳು, 10, 13, 18 ಗೇರ್ ಇರೋವು, ಅವುಗಳಲ್ಲೂ ಸಿಂಕ್ರೋ ಇಲ್ಲ, ಅಲ್ಲಿನ ಎಷ್ಟೋ ಡ್ರೈವರುಗಳು ಗಾಡಿ ಹೊರಡಿಸೋಕೂ ನಿಲ್ಲಿಸೋಕೂ ಮಾತ್ರ ಕ್ಲಚ್ ಮುಟ್ಟೋದು, ಮಧ್ಯದ ಗೇರ್ ಎಲ್ಲ ಬರೀ ಕೈಯಲ್ಲೇ.

ಬೈಕಿನ ಗೇರ್ ಬಾಕ್ಸಲ್ಲೂ ಸಿಂಕ್ರೋ ಇರಲ್ಲ, ಕೆಲವೇ ದಪ್ಪ ದಪ್ಪ ಡಾಗ್ ಹಲ್ಲು, ಮಧ್ಯೆ ಅಗಲವಾದ ಸಂದು, ತಿರುಗೋ ಭಾಗಗಳೂ ಹಗುರ, ಅದಕ್ಕೇ ಸ್ಪೀಡು ಸ್ವಲ್ಪ ಹೆಚ್ಚುಕಮ್ಮಿ ಇದ್ರೂ ಗೇರ್ ಬೀಳುತ್ತೆ. ಕ್ವಿಕ್ ಶಿಫ್ಟರ್ ಅಂತ ಈಗ ಬರ್ತಿರೋದು ಮೇಲಿನ ಗೇರಿಗೆ ಹೋಗೋವಾಗ ಮಾಡೋದೂ ಅದನ್ನೇ, ಲಿವರ್ ಒತ್ತಿದ ಕ್ಷಣಕ್ಕೆ ಎಂಜಿನ್ನಿನ ಪವರನ್ನ ಕಣ್ಣು ಮಿಟುಕಿಸೋಷ್ಟು ಹೊತ್ತು ಕಟ್ ಮಾಡಿ ಹಲ್ಲಿನ ಮೇಲಿನ ಭಾರ ಇಳಿಸುತ್ತೆ.

ಸರಿ, ಕಾರಲ್ಲಿ ಮಾಡೋದು ಹೇಗೆ. ಮೇಲಿನ ಗೇರಿಗೆ ಹೋಗೋದು ಸುಲಭ, ಅದರಿಂದಾನೇ ಶುರು. ಸೆಕೆಂಡಲ್ಲಿ 30-40ರಲ್ಲಿ ಇದ್ದೀರಿ ಅನ್ಕೊಳ್ಳಿ. ಎಡಗೈ ಲಿವರಿನ ಮೇಲೆ, ನ್ಯೂಟ್ರಲ್ ಕಡೆಗೆ ಒಂಚೂರು ಒತ್ತಡ ಮಾತ್ರ, ಎಳೀಬೇಡಿ. ಈಗ ಆಕ್ಸಿಲರೇಟರ್ ನಿಧಾನವಾಗಿ ಬಿಡ್ತಾ ಬನ್ನಿ. ಒಂದು ಹಂತದಲ್ಲಿ ಆ ಭಾರ ಇಲ್ಲದ ಕ್ಷಣ ಬರುತ್ತೆ, ಲಿವರ್ ತಾನಾಗೇ ಜಾರಿ ನ್ಯೂಟ್ರಲ್‌ಗೆ ಬರುತ್ತೆ. ಬಲವಂತ ಮಾಡೋ ಅಗತ್ಯ ಬಂತು ಅಂದ್ರೆ ಆ ಕ್ಷಣ ಇನ್ನೂ ಬಂದಿಲ್ಲ ಅಂತ ಅರ್ಥ, ಇಲ್ಲಾ ದಾಟಿಹೋಯ್ತು ಅಂತ, ಆವಾಗ ಮತ್ತೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಪುನಃ ಬಿಡಬೇಕು. ನ್ಯೂಟ್ರಲ್‌ಗೆ ಬಂದ ಮೇಲೆ ಕಾಲು ಪೂರ್ತಿ ತೆಗೆದು ಎಂಜಿನ್ ಸ್ಪೀಡು ತಾನಾಗಿ ಇಳಿಯೋಕೆ ಬಿಡಿ, ಥರ್ಡ್ ಕಡೆಗೆ ಲಿವರನ್ನ ಮೆತ್ತಗೆ, ಬರೀ ಬೆರಳಿನ ತೂಕದಷ್ಟು ಒತ್ತಿ ಹಿಡೀರಿ. ಎಂಜಿನ್ 1900ರ ಹತ್ತಿರ ಬಂದಾಗ ಅದು ಸದ್ದಿಲ್ಲದೆ ಒಳಗೆ ಹೋಗುತ್ತೆ. ಹೋದ ಮೇಲೆ ಆಕ್ಸಿಲರೇಟರ್ ಕೊಡಿ. ಮೊದಲ ಸಲ ಹಿಂಗೆ ಗೇರ್ ಬಿದ್ದಾಗ ಕೈಗೆ ಗೊತ್ತಾಗೋ ಆ ಮೆತ್ತನೆ ಅನುಭವ, ಜೋಲಿ ಇಲ್ಲ, ಶಬ್ದ ಇಲ್ಲ, ಅದು ನಿಜವಾಗ್ಲೂ ಖುಷಿ ಕೊಡುತ್ತೆ, ಯಾಕಂದ್ರೆ ಒಳಗೆ ಏನಾಗ್ತಿದೆ ಅನ್ನೋದು ಮೊದಲ ಸಲ ಕೈಗೇ ಅರ್ಥವಾಗಿರುತ್ತೆ.

ಎಂಜಿನ್ ಸ್ಪೀಡು ಇಳಿಯೋದು ಗಾಡಿಯಿಂದ ಗಾಡಿಗೆ ಬೇರೆ. ಹಳೇ ಪೆಟ್ರೋಲ್ ಗಾಡಿಗಳಲ್ಲಿ ಬೇಗ ಇಳಿಯುತ್ತೆ. ಭಾರದ ಫ್ಲೈವೀಲ್ (ಎಂಜಿನ್ ತುದಿಯಲ್ಲಿ ಅದರ ಜೊತೆಗೇ ತಿರುಗೋ ತೂಕದ ಚಕ್ರ) ಇರೋ ಡೀಸೆಲ್‌ಗಳಲ್ಲಿ ನಿಧಾನ. ಈಗಿನ ಎಷ್ಟೋ ಗಾಡಿಗಳಲ್ಲಿ ಹೊಗೆ ನಿಯಮಕ್ಕೋಸ್ಕರ ಆಕ್ಸಿಲರೇಟರ್ ಬಿಟ್ರೂ ಕಂಪ್ಯೂಟರು ಆರ್‌ಪಿಎಂ ಅನ್ನ ಸ್ವಲ್ಪ ಹೊತ್ತು ಹಿಡಿದಿಟ್ಟು ಆಮೇಲೆ ಇಳಿಸುತ್ತೆ, ಅಂಥದ್ರಲ್ಲಿ ತಾಳ್ಮೆ ಜಾಸ್ತಿ ಬೇಕು. ಇನ್ನು ಫಸ್ಟಿಂದ ಸೆಕೆಂಡಿಗೆ ಹೋಗೋದು ಎಲ್ಲಕ್ಕಿಂತ ಕಷ್ಟ, ಯಾಕಂದ್ರೆ ಆ ಎರಡು ಗೇರಿನ ಮಧ್ಯದ ಅಂತರವೇ ದೊಡ್ಡದು. 20 ಕಿಮೀನಲ್ಲಿ ಫಸ್ಟಲ್ಲಿ 2600 ಇದ್ರೆ ಸೆಕೆಂಡಿಗೆ 1400 ಬೇಕು, ಅಷ್ಟು ಇಳಿಯೋ ಹೊತ್ತಿಗೆ ಏರಲ್ಲಿದ್ರೆ ಗಾಡಿನೇ ನಿಧಾನ ಆಗಿಬಿಟ್ಟಿರುತ್ತೆ. ಅದಕ್ಕೆ ಫಸ್ಟಲ್ಲಿ ಜಾಸ್ತಿ ಎಳೆಯೋಕೆ ಹೋಗದೆ ಬೇಗ ಬದಲಾಯಿಸೋದು ಒಳ್ಳೇದು. ಫೋರ್ತು ಫಿಫ್ತು ಹತ್ತಿರ ಹತ್ತಿರ ಇರೋದ್ರಿಂದ ಅಲ್ಲಿ ಕಷ್ಟವೇ ಗೊತ್ತಾಗಲ್ಲ.

ಕೆಳಗಿನ ಗೇರಿಗೆ ಬರೋದು ಬೇರೆ ಆಟ, ಇಲ್ಲಿ ಎಂಜಿನ್ನನ್ನ ಏರಿಸಬೇಕು, ಅದು ತಾನಾಗಿ ಆಗಲ್ಲ. 30ರಲ್ಲಿ ಥರ್ಡಲ್ಲಿ ಇದ್ದೀರಿ, ಎಂಜಿನ್ 1450ರಲ್ಲಿದೆ, ಸೆಕೆಂಡಿಗೆ 2100 ಬೇಕು. ಮೊದಲಿನ ಥರಾನೇ ಭಾರ ಇಳಿಸಿ ನ್ಯೂಟ್ರಲ್‌ಗೆ ತನ್ನಿ, ಆಮೇಲೆ ಒಂದು ಸಣ್ಣ ರೇಸ್ ಕೊಟ್ಟು ಆರ್‌ಪಿಎಂ ಅನ್ನ ಬೇಕಾದ್ದಕ್ಕಿಂತ ಒಂದಿಷ್ಟು ಮೇಲಕ್ಕೆ, 2300-2400 ಹತ್ತಿರ ಒಯ್ದು ಕಾಲು ತೆಗೀರಿ, ಇಳಿದು ಬರೋವಾಗ 2100 ದಾಟುತ್ತಲ್ಲ ಆ ಹೊತ್ತಿಗೆ ಲಿವರಿನ ಮೇಲೆ ಮೆತ್ತನೆ ಒತ್ತಡ ಇದ್ರೆ ಸೆಕೆಂಡ್ ಬೀಳುತ್ತೆ. ಏರ್ತಾ ಇರೋ ಸ್ಪೀಡನ್ನ ಹಿಡಿಯೋದಕ್ಕಿಂತ ಇಳೀತಾ ಇರೋದನ್ನ ಹಿಡಿಯೋದು ಸುಲಭ ಅನ್ನೋದು ನನ್ನ ಅನುಭವ. ಬ್ರೇಕ್ ಒತ್ತಿಕೊಂಡೇ ಇದನ್ನ ಮಾಡೋಕೆ ಹೋಗಬೇಡಿ, ಗಾಡಿ ಸ್ಪೀಡು ಬದಲಾಗ್ತಾ ಇದ್ರೆ ಗುರಿನೂ ಬದಲಾಗ್ತಾ ಇರುತ್ತೆ. ಮೊದಲು ಬ್ರೇಕ್ ಹಾಕಿ ಬೇಕಾದ ಸ್ಪೀಡಿಗೆ ಬಂದು, ಆಮೇಲೆ ಗೇರ್. ಇನ್ನು ಓಡ್ತಾ ಇರೋವಾಗ ಸೆಕೆಂಡಿಂದ ಫಸ್ಟಿಗೆ ಕ್ಲಚ್ ಇಲ್ಲದೆ ಹಾಕೋ ಪ್ರಯತ್ನ ಬೇಡವೇ ಬೇಡ.

ಇಷ್ಟು ಓದಿದ ಮೇಲೆ, ಸಿಂಕ್ರೋ ಇದೆಯಲ್ಲ, ಸ್ಪೀಡ್ ಹೊಂದಿಸೋದು ಅದರ ಕೆಲಸ ತಾನೇ, ಸ್ವಲ್ಪ ಒತ್ತಿದ್ರೆ ಅದೇ ಮಾಡ್ಕೊಳ್ಳಲ್ವಾ ಅಂತ ಕೇಳಬಹುದು. ಗೇರ್ ಬಾಕ್ಸ್ ಹಾಳಾಗೋದು ಇದೇ ತಿಳುವಳಿಕೆಯಿಂದ. ಕ್ಲಚ್ ಒತ್ತಿದಾಗ ಸಿಂಕ್ರೋ ಸ್ಪೀಡ್ ಬದಲಾಯಿಸಬೇಕಾಗಿರೋದು ಇನ್‌ಪುಟ್ ಶಾಫ್ಟು, ಅದರ ಗೇರುಗಳು, ಕ್ಲಚ್ ಪ್ಲೇಟು, ಇಷ್ಟೇ, ಹಗುರವಾದ ವಸ್ತುಗಳು. ಕ್ಲಚ್ ಒತ್ತದೆ ಇದ್ದಾಗ ಅದೇ ಸಣ್ಣ ರಿಂಗಿಗೆ ಕ್ರ್ಯಾಂಕ್ ಶಾಫ್ಟು, ಫ್ಲೈವೀಲು, ಪ್ರೆಶರ್ ಪ್ಲೇಟು, ಇಡೀ ಎಂಜಿನ್ನೇ ನೇತಾಡ್ತಾ ಇರುತ್ತೆ. ಅಷ್ಟನ್ನ ಎಳೆದು ನಿಧಾನ ಮಾಡೋ ಶಕ್ತಿ ಅದಕ್ಕಿಲ್ಲ, ಉಜ್ಜಿ ಉಜ್ಜಿ ಬಿಸಿಯಾಗಿ ಸವೆಯುತ್ತೆ. ಸವೆದ ಮೇಲೆ ಕ್ಲಚ್ ಒತ್ತಿದ್ರೂ ಗೇರ್ ಕರ್ರ್ ಅನ್ನೋಕೆ ಶುರುವಾಗುತ್ತೆ, ಆವಾಗ ಗೇರ್ ಬಾಕ್ಸ್ ಇಳಿಸಿ ಬಿಚ್ಚದೆ ರಿಪೇರಿ ಇಲ್ಲ, ಖರ್ಚು ಕ್ಲಚ್ ವೈರಿನ ಎಷ್ಟೋ ಪಟ್ಟು. ಹಂಗಾಗಿ ನಿಯಮ ಒಂದೇ, ಬೆರಳಿನ ತೂಕಕ್ಕೆ ಬೀಳದ ಗೇರನ್ನ ಕೈ ಬಲದಿಂದ ಹಾಕಬಾರ್ದು. ಕ್ಲಚ್ ಚೆನ್ನಾಗಿರೋ ಗಾಡಿಯಲ್ಲಿ ಇದನ್ನ ದಿನಾ ಸ್ಟೈಲಿಗೆ ಮಾಡೋದು ನನಗೆ ಒಪ್ಪಿಗೆ ಇಲ್ಲ, ಪ್ರತಿ ಸಲವೂ ಸರಿಯಾಗಿ ಹೊಂದಿಸೋಕೆ ಯಾರಿಗೂ ಆಗಲ್ಲ, ಒಂದೊಂದು ತಪ್ಪಿಗೂ ಹಲ್ಲಿನ ತುದಿ ಒಂಚೂರು ದುಂಡಾಗುತ್ತೆ. ಖಾಲಿ ರಸ್ತೆಯಲ್ಲಿ ಥರ್ಡ್ ಫೋರ್ತ್ ಮಧ್ಯೆ ಕೆಲವು ಸಲ ಮಾಡಿ ಕೈಗೆ ಅಭ್ಯಾಸ ಮಾಡ್ಕೊಂಡ್ರೆ ಸಾಕು.

ಈಗ ಅಸಲಿ ಸಮಸ್ಯೆ, ವೈರ್ ಕಟ್ ಆದ ಗಾಡಿ. ಓಡ್ತಾ ಇರೋವಾಗ ಗೇರ್ ಬದಲಾಯಿಸೋದು ಗೊತ್ತಾಯ್ತು, ಆದ್ರೆ ನಿಂತ ಗಾಡಿ ಹೊರಡೋದು ಹೇಗೆ? ಎಂಜಿನ್ ಸ್ಟಾರ್ಟ್ ಆಗಿ ನ್ಯೂಟ್ರಲ್ಲಲ್ಲಿ 800ರಲ್ಲಿ ತಿರುಗ್ತಾ ಇದ್ರೆ ಫಸ್ಟ್ ಬೀಳಲ್ಲ, ಒಂದು ಕಡೆ ತಿರುಗ್ತಿದೆ ಇನ್ನೊಂದು ಕಡೆ ನಿಂತಿದೆ. ಹಂಗಾಗಿ ಎಂಜಿನ್ ಆಫ್ ಮಾಡಿ, ಎರಡೂ ಕಡೆ ನಿಂತಿರೋವಾಗ ಫಸ್ಟಿಗೆ ಹಾಕಿ, ಗಾಡಿ ಮುಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, ಹ್ಯಾಂಡ್ ಬ್ರೇಕ್ ತೆಗೆದು, ಗೇರಲ್ಲಿ ಇರೋವಾಗ್ಲೇ ಸೆಲ್ಫ್ ಹೊಡೀಬೇಕು. ಸ್ಟಾರ್ಟರ್ ಮೋಟಾರೇ ಗಾಡಿನ ಎಳೀತಾ ಎರಡು ಮೂರು ಜಗ್ಗು ಜಗ್ಗಿ ಮುಂದಕ್ಕೆ ಹೋಗುತ್ತೆ, ಅಷ್ಟರಲ್ಲಿ ಎಂಜಿನ್ ಹಿಡ್ಕೊಳ್ಳುತ್ತೆ, ಗಾಡಿ ಹೊರಟಿರುತ್ತೆ. ಈಗಿನ ಗಾಡಿಗಳಲ್ಲಿ ಕ್ಲಚ್ ಒತ್ತದೆ ಸೆಲ್ಫ್ ಹೊಡಿಯಲ್ಲ ಅನ್ನೋ ಸ್ವಿಚ್ ಇರುತ್ತೆ, ಅದಕ್ಕೆ ಹೆದರಬೇಡಿ, ಆ ಸ್ವಿಚ್ ಇರೋದು ಪೆಡಲಲ್ಲಿ, ವೈರ್ ಕಟ್ ಆಗಿದ್ರೂ ಪೆಡಲನ್ನ ಪೂರ್ತಿ ಒತ್ತಿ ಹಿಡಿದ್ರೆ ಅದು ಕೆಲಸ ಮಾಡುತ್ತೆ. ಬ್ಯಾಟರಿಗೂ ಸ್ಟಾರ್ಟರಿಗೂ ಇದು ಬಹಳ ಭಾರ, ಹಂಗಾಗಿ ಸಮತಟ್ಟು ಜಾಗದಲ್ಲಿ ಮಾತ್ರ, ಕೆಲವೇ ಸಲ ಮಾತ್ರ. ಏರಲ್ಲಿ ಮೋಟಾರಿಗೆ ಗಾಡಿ ಎಳೆಯೋಕೆ ಆಗದೇ ಇರಬಹುದು, ದೊಡ್ಡ ಡೀಸೆಲ್ ಗಾಡಿಯಲ್ಲಿ ಇನ್ನೂ ಕಷ್ಟ.

ಇದಕ್ಕಿಂತ ಮೃದುವಾದ ದಾರಿ ಇದೆ, ಅದಕ್ಕೂ ಅದೇ ಲೆಕ್ಕ ಉಪಯೋಗಕ್ಕೆ ಬರುತ್ತೆ. ಮೇಲಿನ ಉದಾಹರಣೆ ಗಾಡಿಯಲ್ಲಿ ಎಂಜಿನ್ 800 ಆರ್‌ಪಿಎಂ ಐಡಲ್‌ನಲ್ಲಿ, ಅಂದ್ರೆ ಆಕ್ಸಿಲರೇಟರ್ ಮುಟ್ಟದೆ ತಿರುಗ್ತಾ ಇದ್ರೆ ಫಸ್ಟ್ ಗೇರಿಗೆ ಹೊಂದೋ ಸ್ಪೀಡು ಗಂಟೆಗೆ ಸುಮಾರು 6 ಕಿಮೀ, ಸೆಕೆಂಡಿಗೆ 11, ಥರ್ಡಿಗೆ 16. ಅಂದ್ರೆ ಎಂಜಿನ್ ಸ್ಟಾರ್ಟ್ ಇಟ್ಟು ನ್ಯೂಟ್ರಲ್ಲಲ್ಲಿ ಇಬ್ಬರು ಜೋರಾಗಿ ನಡೆಯೋ ಸ್ಪೀಡಲ್ಲಿ ತಳ್ಳಿದ್ರೆ ಫಸ್ಟ್ ಸದ್ದಿಲ್ಲದೆ ಬೀಳುತ್ತೆ. ಸಣ್ಣ ಇಳಿಜಾರು ಸಿಕ್ಕಿದ್ರೆ ತಳ್ಳೋದೂ ಬೇಡ, ಬ್ರೇಕ್ ಬಿಟ್ಟು ಉರುಳೋಕೆ ಬಿಟ್ಟು 11ರ ಹತ್ತಿರ ನೇರವಾಗಿ ಸೆಕೆಂಡಿಗೆ ಹಾಕಿ. ನಿಮ್ಮ ಗಾಡಿಯ ಈ ಮೂರು ನಂಬರು ತಿಳಿಯೋದು ಕಷ್ಟ ಅಲ್ಲ, ಖಾಲಿ ಸಮತಟ್ಟು ರಸ್ತೆಯಲ್ಲಿ ಆಕ್ಸಿಲರೇಟರ್ ಮುಟ್ಟದೆ ಒಂದೊಂದು ಗೇರಲ್ಲೂ ಗಾಡಿ ತಾನಾಗಿ ಎಷ್ಟು ಸ್ಪೀಡಲ್ಲಿ ಹೋಗುತ್ತೆ ಅಂತ ಮೀಟರಲ್ಲಿ ನೋಡ್ಕೊಳ್ಳಿ.

ನಿಲ್ಲೋದು ಹೊರಡೋದಕ್ಕಿಂತ ಸುಲಭ, ಮುಂಚೇನೇ ಯೋಚನೆ ಮಾಡಿದ್ರೆ. ಸಿಗ್ನಲ್ಲೋ ಹಂಪೋ ದೂರದಲ್ಲಿ ಕಂಡಾಗ್ಲೇ ಸ್ಪೀಡ್ ಇಳಿಸಿ, ಸರಿಯಾದ ಕ್ಷಣ ನೋಡಿ ನ್ಯೂಟ್ರಲ್‌ಗೆ ತಂದು ಬ್ರೇಕಲ್ಲಿ ನಿಲ್ಲಿಸಿ. ಬ್ರೇಕ್ ಹಾಕಿದ ಮೇಲೆ ಗೇರ್ ತೆಗೆಯೋಕೆ ಹೋದ್ರೆ ಸಿಕ್ಕಿಹಾಕಿಕೊಳ್ಳುತ್ತೆ, ಯಾಕಂದ್ರೆ ಆವಾಗ ಚಕ್ರ ಎಂಜಿನ್ನನ್ನ ತಳ್ತಾ ಇರುತ್ತೆ, ಒಂಚೂರು ಆಕ್ಸಿಲರೇಟರ್ ಕೊಟ್ರೆ ಬಿಡುತ್ತೆ. ಯಾರಾದ್ರೂ ಅಡ್ಡ ಬಂದ್ರೆ ಗೇರಿನ ಯೋಚನೆನೇ ಬೇಡ, ಬ್ರೇಕ್ ಒತ್ತಿ, ಎಂಜಿನ್ ಆಫ್ ಆದ್ರೆ ಆಗಲಿ. ಇಂಡಿಕೇಟರ್ ನಾಲ್ಕೂ ಹಾಕಿಕೊಂಡು ಎಡಗಡೆ ಹಿಡಿದು ಸೆಕೆಂಡು ಥರ್ಡಲ್ಲೇ ನಿಧಾನವಾಗಿ ಹೋದ್ರೆ ಹತ್ತು ಇಪ್ಪತ್ತು ಕಿಲೋಮೀಟರ್ ದೂರದ ಊರು ಸೇರಬಹುದು. ಊರೊಳಗಿನ ಟ್ರಾಫಿಕ್ಕಲ್ಲಿ ಮಾತ್ರ ಇದು ಸಾಧ್ಯ ಇಲ್ಲ, ಅಲ್ಲಿಗೆ ಟೋಯಿಂಗೇ ಸರಿ.

ಘಾಟಿ ಇಳಿಯೋವಾಗ ಹೀಗಾದ್ರೆ ಇನ್ನೊಂದು ಎಚ್ಚರ ಬೇಕು. ಇಳಿಜಾರಲ್ಲಿ ಗೇರ್ ಬಿಡಿಸೋದೇ ಬೇಡ. ಸೆಕೆಂಡಲ್ಲಿದ್ರೆ ಸೆಕೆಂಡಲ್ಲೇ ಕೆಳಗಿನ ತನಕ ಇಳೀರಿ, ಎಂಜಿನ್ ಹಿಡಿತ ಇರುತ್ತೆ. ನ್ಯೂಟ್ರಲ್‌ಗೆ ತಂದು ಮುಂದಿನ ಗೇರ್ ಬೀಳದೆ ಹೋಯ್ತು ಅಂದ್ರೆ ಗಾಡಿ ಸ್ಪೀಡು ಏರ್ತಾ ಹೋಗುತ್ತೆ, ಏರ್ತಾ ಹೋದಷ್ಟೂ ಹೊಂದಿಸೋದು ಕಷ್ಟ ಆಗುತ್ತೆ, ಪೂರ್ತಿ ಭಾರ ಬ್ರೇಕಿನ ಮೇಲೆ ಬಿದ್ದು ಅದು ಬಿಸಿಯಾಗುತ್ತೆ. ಇಳಿಜಾರಲ್ಲಿ ಉರುಳ್ತಾ ಇರೋವಾಗ ಎಂಜಿನ್ ಆಫ್ ಮಾಡೋದಂತೂ ಯಾವ ಕಾರಣಕ್ಕೂ ಬೇಡ, ಬ್ರೇಕಿನ ಸಹಾಯವೂ ಪವರ್ ಸ್ಟೀರಿಂಗೂ ಎರಡೂ ಹೋಗ್ತವೆ.

ಎಲ್ಲಾ ಕ್ಲಚ್ ತೊಂದರೆಗೂ ಇದು ಮದ್ದಲ್ಲ ಅನ್ನೋದೂ ಗೊತ್ತಿರಲಿ. ಕ್ಲಚ್ ಬಿಡಿಸೋಕೆ ಆಗದೇ ಇದ್ದಾಗ ಮಾತ್ರ ಇದು ಉಪಯೋಗ. ಪ್ಲೇಟ್ ಸವೆದು ಜಾರ್ತಾ ಇದ್ರೆ, ಅಂದ್ರೆ ಎಂಜಿನ್ ರೇಸ್ ಆಗ್ತಿದೆ ಗಾಡಿ ಮುಂದೆ ಹೋಗ್ತಿಲ್ಲ ಅಂದ್ರೆ, ಗೇರ್ ಹೆಂಗೆ ಹಾಕಿದ್ರೂ ಪ್ರಯೋಜನ ಇಲ್ಲ. ಹೈಡ್ರಾಲಿಕ್ ಕ್ಲಚ್ ಇರೋ ಗಾಡಿಯಲ್ಲಿ ಪೆಡಲ್ ಸಡಿಲ ಆದ್ರೆ ಮೊದಲು ಬೇಗ ಬೇಗ ಹತ್ತು ಸಲ ಪಂಪ್ ಮಾಡಿ ನೋಡಿ, ಸಣ್ಣ ಲೀಕ್ ಆಗಿದ್ರೆ ಒಂದೆರಡು ಸಲಕ್ಕೆ ಬೇಕಾದಷ್ಟು ಒತ್ತಡ ಬರುತ್ತೆ, ಗಾಡಿ ಹೊರಡಿಸೋಕೆ ಅದನ್ನ ಉಳಿಸಿಕೊಂಡು ಮಧ್ಯದ ಗೇರುಗಳನ್ನ ಕ್ಲಚ್ ಇಲ್ಲದೆ ಹಾಕಬಹುದು. ಎಷ್ಟೋ ಗಾಡಿಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿಯಿಂದ ಆಯಿಲ್ ಹೋಗುತ್ತೆ, ಹಂಗಾಗಿ ಬಾನೆಟ್ ತೆಗೆದು ಬ್ರೇಕ್ ಆಯಿಲ್ ಮಟ್ಟ ನೋಡದೆ ಮುಂದೆ ಹೋಗಬೇಡಿ.

ಕ್ಲಚ್ ಪೆಡಲ್ಲೇ ಇಲ್ಲದ ಗಾಡಿಗಳ ಬಗ್ಗೆ ಒಂದು ಮಾತು. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ನಮ್ಮಲ್ಲಿ ಬಂದ ಎಎಂಟಿ (ಕ್ಲಚ್ಚನ್ನೂ ಗೇರನ್ನೂ ಗಾಡಿನೇ ನೋಡ್ಕೊಳ್ಳೋದು), 2020ರಲ್ಲಿ ಹ್ಯುಂಡೈ ವೆನ್ಯೂನಲ್ಲಿ ಬಂದ ಐಎಂಟಿ, ಇವೆರಡರಲ್ಲೂ ಮಾಮೂಲಿ ಕ್ಲಚ್ ಪ್ಲೇಟೂ ಮಾಮೂಲಿ ಗೇರ್ ಬಾಕ್ಸೂ ಇದೆ. ಐಎಂಟಿನಲ್ಲಿ ಲಿವರ್ ನೀವೇ ಹಿಡಿದು ಹಾಕ್ತೀರಿ, ನಿಮ್ಮ ಕೈ ಲಿವರನ್ನ ಜರುಗಿಸೋಕೆ ಶುರು ಮಾಡಿದ್ದು ಸೆನ್ಸರಿಗೆ ಗೊತ್ತಾಗಿ ಕ್ಲಚ್ಚನ್ನ ಅದು ಒತ್ತುತ್ತೆ. ಅಂಥ ಗಾಡಿಯಲ್ಲಿ ಈ ಲೇಖನದ ಯಾವ ಪ್ರಯೋಗವೂ ಬೇಡ.

ವೈರು ಸಾಮಾನ್ಯವಾಗಿ ಹೇಳದೆ ಕೇಳದೆ ಕಟ್ ಆಗಲ್ಲ. ಪೆಡಲ್ ದಿನೇ ದಿನೇ ಗಟ್ಟಿ ಆಗ್ತಾ ಬರೋದು, ಕ್ಲಚ್ ಬಿಡೋ ಜಾಗ ಕೆಳಗೆ ಹೋಗ್ತಾ ಬರೋದು, ಬೆಳಗ್ಗೆ ರಿವರ್ಸ್ ಹಾಕೋವಾಗ ಕರ್ರ್ ಅನ್ನೋದು, ಇವು ಮುನ್ಸೂಚನೆ. ಬಾನೆಟ್ ಎತ್ತಿ ಗೇರ್ ಬಾಕ್ಸ್ ಮೇಲಿನ ಕ್ಲಚ್ ಲಿವರಿಗೆ ವೈರ್ ಸೇರೋ ತುದಿ ನೋಡಿ, ಹೆಣೆದ ತಂತಿಯ ಒಂದೆರಡು ಎಳೆ ಬಿಚ್ಚಿ ಮುಳ್ಳಿನ ಥರ ಹೊರಗೆ ನಿಂತಿದ್ರೆ ಅದರ ಆಯಸ್ಸು ಮುಗೀತು. ಕೆಲವು ನೂರು ರೂಪಾಯಿಯ ವಸ್ತು, ಬದಲಾಯಿಸೋಕೆ ಮೆಕ್ಯಾನಿಕ್ಕಿಗೆ ಜಾಸ್ತಿ ಹೊತ್ತೂ ಬೇಡ, ಅದೇ ವಾರ ಹಾಕಿಸಿಬಿಡಿ. ಮಲೆನಾಡು, ಕರಾವಳಿ ಕಡೆ ಮಳೆಗಾಲದಲ್ಲಿ ಓಡಾಡೋರು ಹೊಸ ವೈರೊಂದನ್ನ ಡಿಕ್ಕಿಯಲ್ಲಿ ಇಟ್ಕೊಂಡ್ರೆ ಒಳ್ಳೇದು, ಸಣ್ಣ ಊರಿನ ಗ್ಯಾರೇಜಲ್ಲಿ ಮೆಕ್ಯಾನಿಕ್ ಸಿಕ್ತಾರೆ, ನಿಮ್ಮ ಮಾಡೆಲ್ಲಿನ ವೈರ್ ಸಿಗಲ್ಲ.